ಕಂಕನಾಡಿಯ ಫಾದರ್ ಮುಲ್ಲರ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮವರು ಕಾಯಿಲೆ ಬಿದ್ದರೆ ಮುಲ್ಲರ್ ಆಸ್ಪತ್ರೆಗೆ ಹೋಗುತ್ತಾರೆ. ಹೆಸರು ಎಲ್ಲರ ಬಾಯಲ್ಲಿದೆ, ಆ ಗುರುಗಳ ಪರಿಚಯ ಮಾತ್ರ ಕಡಿಮೆ.

ಜರ್ಮನಿಯಲ್ಲಿ 1841ರಲ್ಲಿ ಜನಿಸಿದ ವಂ. ಆಗಸ್ಟಸ್ ಮುಲ್ಲರ್, 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳೊಂದಿಗೆ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲಾರಂಭಿಸಿದರು. ಆ ಪದ್ಧತಿಯ ಜನಕ ಹಾನಿಮನ್ ದೀರ್ಘಕಾಲದ ಕಾಯಿಲೆಗಳ ಮೂಲವನ್ನು ತುರಿಕೆಯಲ್ಲಿ ಕಂಡವರು. ಇಂದಿನ ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ; ಕಜ್ಜಿಯ ತುರಿಕೆಗೆ ಕಾರಣ ಚರ್ಮದೊಳಗೆ ಬಿಲ ಕೊರೆಯುವ ಸಣ್ಣ ನುಸಿ.

ತುರಿಕೆಯಾದವನು ಕೆರೆದುಕೊಂಡಾನು. ಕುಷ್ಠದ ಕಷ್ಟ ಬೇರೆಯೇ. ರೋಗಾಣು ನರಗಳನ್ನು ಕೆಡಿಸುವುದರಿಂದ ಮಚ್ಚೆಯ ಜಾಗದಲ್ಲಿ ಸ್ಪರ್ಶ, ಬಿಸಿ, ನೋವು ತಿಳಿಯದು. ಕೈ ಸುಟ್ಟರೂ ಅರಿವಾಗದೆ ಹುಣ್ಣಾಗುತ್ತದೆ. ಮನೆಯವರೇ ದೂರವಿಡುತ್ತಿದ್ದ ಇಂಥವರಿಗಾಗಿ ಅವರು 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಗುಣಪಡಿಸುವ ಮದ್ದು ಆಗ ಯಾರ ಬಳಿಯೂ ಇರಲಿಲ್ಲ; ಬಹು ಔಷಧ ಚಿಕಿತ್ಸೆ ಬಂದದ್ದು 1980ರ ದಶಕದಲ್ಲಿ. ಕೊಡಲು ಸಾಧ್ಯವಿದ್ದದ್ದು ಸೂರು, ಊಟ, ಹುಣ್ಣಿನ ಆರೈಕೆ. ಮದ್ದಿಗಿಂತ ಇದನ್ನೇ ನಾವು ದೊಡ್ಡದೆಂದು ತಿಳಿಯುತ್ತೇವೆ.

1902ರಲ್ಲಿ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ಕಟ್ಟಿದರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೈವಾಧೀನರಾದರು.