ರೋಗಿಯ ಕೋಣೆಗೆ ತಂಪು ತಂದ ವೈದ್ಯ ಜಾನ್ ಗೋರಿ

ಅಮೆರಿಕದ ಫ್ಲೋರಿಡಾದಲ್ಲಿರುವ ಅಪಲಾಚಿಕೋಲ ಎಂಬ ಪುಟ್ಟ ಬಂದರು 1830ರ ದಶಕದಲ್ಲಿ ಹತ್ತಿ ವ್ಯಾಪಾರದಿಂದ ಏಳಿಗೆ ಕಾಣುತ್ತಿತ್ತು. ಒಂದು ಕಡೆ ಮೆಕ್ಸಿಕೊ ಕೊಲ್ಲಿ, ಉಳಿದೆಡೆ ಜೌಗು ನೆಲ. ಬೇಸಿಗೆಯಲ್ಲಿ ಮೈಬೆವರು ಆರದಷ್ಟು ಸೆಕೆ. ಅದರ ಬೆನ್ನಿಗೇ ಮಲೇರಿಯಾ ಹಾಗೂ ಹಳದಿ ಜ್ವರ. 1833ರಲ್ಲಿ ಈ ಊರಿಗೆ ಬಂದು ನೆಲೆಸಿದ ಡಾ. ಜಾನ್ ಗೋರಿ, ಮನೆಯೊಳಗಿನ ಗಾಳಿಯನ್ನು ಔಷಧದಷ್ಟೇ ಗಂಭೀರವಾಗಿ ಪರಿಗಣಿಸಿದ ಮೊದಲಿಗರಲ್ಲಿ ಒಬ್ಬರು.

ನ್ಯೂಯಾರ್ಕ್ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿದ್ದ ಗೋರಿ ಅಪಲಾಚಿಕೋಲದಲ್ಲಿ ಬಹುಬೇಗ ಊರಿನ ಗಣ್ಯರಾದರು. ಅಂಚೆ ಅಧಿಕಾರಿಯಾದರು, 1837ರಲ್ಲಿ ಮೇಯರ್ ಆದರು. ಆದರೆ ಅವರ ಮನಸ್ಸು ಇದ್ದದ್ದು ಜ್ವರದ ರೋಗಿಗಳ ಕೋಣೆಯಲ್ಲಿ.

ಕೊಳೆತ ಸಸ್ಯ, ತೇವ ಮತ್ತು ಬಿಸಿಲು ಸೇರಿ ಹುಟ್ಟುವ ಕೆಟ್ಟ ಗಾಳಿಯೇ ಮಲೇರಿಯಾಕ್ಕೆ ಕಾರಣವೆಂದು ಅಂದಿನ ವೈದ್ಯರು ನಂಬಿದ್ದರು. ಗೋರಿಯವರೂ ಅದನ್ನೇ ನಂಬಿದರು. ನಂಬಿಕೆ ತಪ್ಪಾಗಿತ್ತು, ಅದರಿಂದ ಹೊರಟ ಸಲಹೆಗಳು ಮಾತ್ರ ಸರಿಯಾಗಿದ್ದವು. ಜೌಗು ನೀರನ್ನು ಹರಿಯಬಿಡಿ, ಕಳೆ ಕಡಿಯಿರಿ, ಮನೆಯ ಗಾಳಿಯನ್ನು ತಂಪಾಗಿಡಿ ಎಂಬುದು ಅವರ ಬೋಧನೆಯಾಗಿತ್ತು. ಇದನ್ನೆಲ್ಲ 1844ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಜೆನ್ನರ್ ಎಂಬ ಗುಪ್ತನಾಮದಲ್ಲಿ ಲೇಖನಮಾಲೆಯಾಗಿ ಬರೆದರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ಪುರಾವೆ ದೊರೆತದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅದನ್ನು ಒದಗಿಸಿದ ರೊನಾಲ್ಡ್ ರಾಸ್ ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗಲೇ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು.

ಗೋರಿಯವರ ಕೋಣೆಯ ವ್ಯವಸ್ಥೆ ಸರಳವಾಗಿತ್ತು. ಚಾವಣಿಯ ಸಮೀಪ ಒಂದು ಪಾತ್ರೆಯಲ್ಲಿ ಮಂಜುಗಡ್ಡೆಯನ್ನು ತೂಗುಹಾಕುವುದು. ಹೊರಗಿನ ಗಾಳಿ ಚಿಮಣಿಯ ಕೊಳವೆಯ ಮೂಲಕ ಇಳಿದು ಮಂಜುಗಡ್ಡೆಯ ಮೇಲೆ ಹಾದುಹೋಗುವಂತೆ ಮಾಡುವುದು. ತಂಪಾದ ಗಾಳಿ ಭಾರವಾಗಿ ರೋಗಿಯ ಮೇಲೆ ಇಳಿದು, ನೆಲದ ಬಳಿಯ ಕಿಂಡಿಯಿಂದ ಹೊರಹೋಗುತ್ತಿತ್ತು. ಹೀಗೆ ಕೋಣೆ ತಂಪಾಗುವುದರ ಜೊತೆಗೆ ಅದರೊಳಗಿನ ಗಾಳಿಯೂ ಬದಲಾಗುತ್ತಿತ್ತು. ಇಂದು ನಗರದ ಮನೆಗಳ ಗೋಡೆಯ ಮೇಲಿರುವ ಬಹುತೇಕ ಎ.ಸಿ.ಗಳು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗಾಗಿಸುತ್ತವೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಕಿಟಕಿ ಮುಚ್ಚಿದ ಮೇಲೆ ಅಡುಗೆಯ ಹೊಗೆ, ಉಸಿರಿನ ತೇವ ಎಲ್ಲವೂ ಒಳಗೇ ಉಳಿಯುತ್ತವೆ. ಗೋರಿಯವರ ಅರ್ಧ ವಿದ್ಯೆಯನ್ನಷ್ಟೇ ಜಗತ್ತು ಕಲಿತಂತಿದೆ.

ತೊಡಕಿದ್ದದ್ದು ಮಂಜುಗಡ್ಡೆಯಲ್ಲಿ. ಉತ್ತರದ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಗಡ್ಡೆಗಳು ಮರದ ಹೊಟ್ಟಿನಲ್ಲಿ ಹುದುಗಿ ಹಡಗಿನಲ್ಲಿ ಬರಬೇಕಿತ್ತು. ಇದೇ ವ್ಯಾಪಾರ 1833ರಲ್ಲಿ ಕಲ್ಕತ್ತಾವನ್ನೂ ತಲುಪಿತ್ತು. ಹಡಗು ತಡವಾದರೆ ಔಷಧವೇ ಇಲ್ಲ. ಹೀಗಾಗಿ ಗೋರಿ 1845ರ ಸುಮಾರಿಗೆ ವೈದ್ಯವೃತ್ತಿಯನ್ನು ಬದಿಗಿಟ್ಟು ಯಂತ್ರದ ಬೆನ್ನು ಹತ್ತಿದರು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಆ ಬಿಸಿಯನ್ನು ನೀರಿನಿಂದ ಕಳೆದು ಮತ್ತೆ ಹಿಗ್ಗಲು ಬಿಟ್ಟರೆ ತಣ್ಣಗಾಗಿ ಸುತ್ತಲಿನ ಶಾಖವನ್ನು ಹೀರುತ್ತದೆ. ಈ ತತ್ವದ ಯಂತ್ರಕ್ಕೆ 1851ರ ಮೇ 6ರಂದು ಅಮೆರಿಕದ ಪೇಟೆಂಟ್ ಸಂಖ್ಯೆ 8080 ದೊರೆಯಿತು.

ಪೇಟೆಂಟ್ ಸಿಕ್ಕಿತು, ಹಣ ಸಿಗಲಿಲ್ಲ. ಬಂಡವಾಳ ಹೂಡಿದ್ದ ಪಾಲುದಾರ ತೀರಿಕೊಂಡರು. ಪತ್ರಿಕೆಗಳು ಗೇಲಿ ಮಾಡಿದವು. ಇದರ ಹಿಂದೆ ಮಂಜುಗಡ್ಡೆ ವ್ಯಾಪಾರಿಗಳ ಕೈವಾಡವಿದೆ ಎಂಬ ಶಂಕೆ ಗೋರಿಯವರನ್ನು ಕಾಡಿತು. ದಕ್ಷಿಣದ ಊರೂರು ಅಲೆದರೂ ಹಣ ಹೊಂದಿಸಲಾಗಲಿಲ್ಲ. 1855ರ ಜೂನ್‌ನಲ್ಲಿ, ಆರೋಗ್ಯ ಕುಸಿದು, ತಮ್ಮ ಯಂತ್ರ ಮಾರುಕಟ್ಟೆ ಕಾಣುವ ಮೊದಲೇ ಅವರು ನಿಧನರಾದರು.

ಫ್ಲೋರಿಡಾ ಅವರನ್ನು ನೆನೆಯಲು ಆರು ದಶಕ ಬೇಕಾಯಿತು. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಆ ರಾಜ್ಯದ ಪರವಾಗಿ 1914ರಲ್ಲಿ ಸ್ಥಾಪನೆಗೊಂಡ ಪ್ರತಿಮೆ ಗೋರಿಯವರದು. ಅಪಲಾಚಿಕೋಲದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದ್ದು, ಯಂತ್ರದ ಪ್ರತಿಕೃತಿಯನ್ನು ಅಲ್ಲಿ ಇರಿಸಲಾಗಿದೆ. ಪೇಟೆಂಟಿಗೆ ಸಲ್ಲಿಸಿದ್ದ ಮೂಲ ಮಾದರಿ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.