ಗಂಟೆ ನಿಂತರೂ ಸಾವು ನಿಲ್ಲಲಿಲ್ಲ

ನಿಮ್ಮಲ್ಲಿ ಕೆಲವರಾದರೂ ಎಂಡೋಸ್ಕೋಪಿ ಮಾಡಿಸಿಕೊಂಡಿರಬಹುದು. ಬಾಯಿಯಿಂದ ಹೊಟ್ಟೆಗೆ ಇಳಿಸುವ ಆ ಕೊಳವೆ ನಿಮಗಿಂತ ಮುಂಚೆ ಇನ್ನೊಬ್ಬರ ಹೊಟ್ಟೆಗೂ ಇಳಿದಿರುತ್ತದೆ. ನಡುವೆ ಅದನ್ನು ಹೇಗೆ ತೊಳೆದರು? ಇಂಥದ್ದೇ ಪ್ರಶ್ನೆಯನ್ನು ವೈದ್ಯರ ಕೈಗಳ ಬಗ್ಗೆ ಹಟಹಿಡಿದು ಕೇಳಿ, ಬಾಳನ್ನೇ ಸವೆಸಿದ ವೈದ್ಯರೊಬ್ಬರಿದ್ದರು.

ಇಗ್ನಾಜ್ ಸೆಮ್ಮೆಲ್ವೈಸ್ 1818ರಲ್ಲಿ ಹಂಗೇರಿಯ ಬುಡಾದಲ್ಲಿ ದಿನಸಿ ವ್ಯಾಪಾರಿಯ ಮಗನಾಗಿ ಹುಟ್ಟಿದರು. 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗ ಸೇರಿದರು. ಅಲ್ಲಿ ಎರಡು ವಾರ್ಡುಗಳು. ವೈದ್ಯರೂ ವಿದ್ಯಾರ್ಥಿಗಳೂ ನೋಡುತ್ತಿದ್ದ ಮೊದಲನೆಯದರಲ್ಲಿ ಆ ವರ್ಷ ನೂರಕ್ಕೆ 11 ತಾಯಂದಿರು ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ ಮೂವರಿಗಿಂತ ಕಡಿಮೆ. ಡಾಕ್ಟರರ ವಾರ್ಡು ಬೇಡವೆಂದು ಗರ್ಭಿಣಿಯರು ಅತ್ತು ಬೇಡುತ್ತಿದ್ದರು.

ಸಾಯುತ್ತಿದ್ದವರಿಗೆ ಅಭ್ಯಂಗ ಸಂಸ್ಕಾರ ನೀಡಲು ಗುರುಗಳು ಬರುವಾಗ ಮುಂದೊಬ್ಬ ಗಂಟೆ ಬಾರಿಸುತ್ತಿದ್ದ. ಮೊದಲ ವಾರ್ಡಿನಲ್ಲಿ ಅವರು ಐದು ಕೋಣೆಗಳನ್ನು ದಾಟಬೇಕಿತ್ತು. ಆ ಸದ್ದಿಗೆ ಹೆದರಿಯೇ ಬಾಣಂತಿಯರಿಗೆ ಜ್ವರ ಬರುತ್ತದೆಂದು ಕೆಲವರ ವಾದ. ಸೆಮ್ಮೆಲ್ವೈಸ್ ಕೇಳಿಕೊಂಡಾಗ ಗುರುಗಳು ಗಂಟೆಯಿಲ್ಲದೆ ಬೇರೆ ದಾರಿಯಿಂದ ಬಂದರು. ಸಾವು ಕಡಿಮೆಯಾಗಲಿಲ್ಲ. ಗುರುಗಳ ಮೇಲಿನ ಅಪವಾದ ಕಳೆಯಿತು, ಅಷ್ಟೆ!

1847ರ ಮಾರ್ಚಿನಲ್ಲಿ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಾಗಿ ಅವರ ಮಿತ್ರ ಕೊಲೆಚ್ಕಾ ತೀರಿಕೊಂಡರು. ಅವರ ಶವದಲ್ಲಿ ಕಂಡದ್ದು ಆ ತಾಯಂದಿರ ಶವಗಳಲ್ಲಿ ಕಂಡದ್ದೇ. ವೈದ್ಯರು ಶವಗಳನ್ನು ಮುಟ್ಟಿ, ಸೋಪಿನಿಂದ ತೊಳೆದು, ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ತೊಳೆದ ಕೈಯಲ್ಲೂ ವಾಸನೆ ಉಳಿದಿರುತ್ತಿತ್ತು. ಮೇ ತಿಂಗಳಲ್ಲಿ ಅವರು ಕ್ಲೋರಿನ್ ನೀರಿನಿಂದ ಕೈ ತೊಳೆಯಲು ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಸುಮಾರು ಎರಡಕ್ಕೆ ಇಳಿಯಿತು.

ಶವಪರೀಕ್ಷೆಯಲ್ಲಿ ಎಲ್ಲರಿಗಿಂತ ಶ್ರದ್ಧೆಯಿದ್ದವರು ಅವರೇ. ತಮ್ಮ ಕೈಯಿಂದ ಎಷ್ಟು ತಾಯಂದಿರು ಅಕಾಲದಲ್ಲಿ ಮಣ್ಣು ಸೇರಿದರೋ ದೇವರೊಬ್ಬನೇ ಬಲ್ಲ ಎಂದು ಮುಂದೆ ಒಪ್ಪಿಕೊಂಡರು. ಹಾಗೆ ಬರೆಯಲು ಎಂಥ ಎದೆ ಬೇಕು, ಯೋಚಿಸಿ ನೋಡಿ.

ಉಪಕರಣ, ಹಾಸಿಗೆ ಬಟ್ಟೆಗಳೂ ಸೋಂಕು ಹೊತ್ತು ತರುತ್ತವೆಂದು ಅವರು 1861ರ ಪುಸ್ತಕದಲ್ಲಿ ಬರೆದರು. ಇಂದಿನ ಎಂಡೋಸ್ಕೋಪ್‌ಗೂ ಅದೇ ತೊಂದರೆ. ಬಾಗುವ ಕೊಳವೆಗಳಲ್ಲಿ ಹೆಚ್ಚಿನವು ತೀವ್ರ ಶಾಖ ತಾಳವು. ಒಳಗಿನ ಸಣ್ಣ ನಾಳಗಳಲ್ಲಿ ಕೊಳೆ ಒಣಗಿದರೆ ಔಷಧದ್ರವ ಅದರಡಿಗೆ ಇಳಿಯದು. ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ ಬ್ರಷ್ ತೂರಿಸಿ ಉಜ್ಜಬೇಕು, ಆಮೇಲೆ ಔಷಧದ್ರವ, ಕಡೆಗೆ ಗಾಳಿ ಹಾಯಿಸಿ ಪೂರ್ತಿ ಒಣಗಿಸಬೇಕು. ಇದನ್ನು ಹೇಗೆ ಮಾಡುತ್ತೀರೆಂದು ಆಸ್ಪತ್ರೆಯವರನ್ನು ಕೇಳಲು ನಾಚಬೇಡಿ.

ತಮ್ಮ ಕೈಯೇ ಕೊಂದಿತೆಂಬ ಮಾತನ್ನು ಹಿರಿಯ ವೈದ್ಯರು ಸಹಿಸಲಿಲ್ಲ. ಸೆಮ್ಮೆಲ್ವೈಸರ ನಾಲಿಗೆಯೂ ಹರಿತವೇ, ಒಪ್ಪದವರನ್ನು ಕೊಲೆಗಾರರೆಂದರು. 1850ರಲ್ಲಿ ವಿಯೆನ್ನಾ ಬಿಟ್ಟರು. 1865ರ ಜುಲೈನಲ್ಲಿ ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಎರಡೇ ವಾರದಲ್ಲಿ, ಆಗಸ್ಟ್ 13ರಂದು, ರಕ್ತಕ್ಕೆ ನಂಜೇರಿ 47ರ ವಯಸ್ಸಿನಲ್ಲಿ ತೀರಿಕೊಂಡರು. ಅದರ ಹಿಂದಿನ ದಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಗಾಡಿಯಡಿ ಸಿಕ್ಕ ಹುಡುಗನೊಬ್ಬನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದರು.