ಗೆಲಿಲಿಯೋ ಫೆರಾರಿಸ್ (1847–1897): ವಿದ್ಯುತ್ ಮಾಪಕದ ತಿರುಗುವ ತಟ್ಟೆಯ ಹಿಂದಿನ ವಿಜ್ಞಾನಿ

ಹೊಸ ವಿದ್ಯುತ್ ಸಂಪರ್ಕ, ಮಾಪಕದ ಬದಲಾವಣೆ ಅಥವಾ ಮಾಪಕದ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಮೀಟರಿನ ಅಂಕಿಗಳು ಹೊಸವೇನಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮುಂತಾದ ಉತ್ತರ ಬೆಂಗಳೂರಿನ ಬಡಾವಣೆಗಳ ಹಳೆಯ ಮನೆಗಳಲ್ಲಿ, ಮುಂಬಾಗಿಲ ಪಕ್ಕದ ಮರದ ಹಲಗೆಗೆ ಜೋಡಿಸಿದ ಕಪ್ಪು ಪೆಟ್ಟಿಗೆಯೊಂದು ದೀರ್ಘಕಾಲ ಕಂಡುಬರುತ್ತಿತ್ತು. ಅದರ ಗಾಜಿನ ಕಿಂಡಿಯೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ಮೆಲ್ಲಗೆ ತಿರುಗುತ್ತಿತ್ತು; ಅದರ ಮೇಲ್ಗಡೆ ಅಂಕಿಗಳ ಸಾಲು. ಕರೆಂಟು ಹೋದೊಡನೆ ತಟ್ಟೆ ನಿಲ್ಲುತ್ತಿತ್ತು, ಆದರೆ ಅಂಕಿಗಳು ಅಳಿಯುತ್ತಿರಲಿಲ್ಲ. ಅವುಗಳನ್ನು ಕಾಯಲು ಬ್ಯಾಟರಿಯೂ ಇರಲಿಲ್ಲ. ಈ ತಟ್ಟೆಯನ್ನು ತಿರುಗಿಸುವ ತತ್ತ್ವವನ್ನು ಕಂಡುಕೊಂಡವರು ಇಟಲಿಯ ವಿಜ್ಞಾನಿ ಗೆಲಿಲಿಯೋ ಫೆರಾರಿಸ್. ಅವರ ಜೀವನದ ಪರಿಚಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಫೆರಾರಿಸ್ ಅವರು 1847ರ ಅಕ್ಟೋಬರ್ 31ರಂದು ವಾಯವ್ಯ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಲಿವೋರ್ನೋ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಔಷಧ ವ್ಯಾಪಾರಿ. ಬಾಲ್ಯದಲ್ಲಿಯೇ ಟ್ಯೂರಿನ್ ನಗರದಲ್ಲಿದ್ದ ವೈದ್ಯ ಬಂಧುವಿನ ಆಶ್ರಯಕ್ಕೆ ಬಂದು ವ್ಯಾಸಂಗ ಮಾಡಿ, 1869ರಲ್ಲಿ ಎಂಜಿನಿಯರ್ ಪದವಿ ಪಡೆದರು. ಅನಂತರ ಅದೇ ನಗರದ ರಾಯಲ್ ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಬೋಧಕರಾಗಿ ಸೇರಿದರು. ಹೆಸರಿಗೆ ಅದು ವಸ್ತುಸಂಗ್ರಹಾಲಯವಾದರೂ ವಾಸ್ತವವಾಗಿ ತಾಂತ್ರಿಕ ಶಿಕ್ಷಣದ ಕೇಂದ್ರವೇ ಆಗಿತ್ತು.

ತಿರುಗುವ ಕಾಂತಕ್ಷೇತ್ರ

1884ರಲ್ಲಿ ಟ್ಯೂರಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನವು ಫೆರಾರಿಸ್ ಅವರ ಸಂಶೋಧನೆಗೆ ದಿಕ್ಕು ತೋರಿಸಿತು. ಅಲ್ಲಿ ಗೋಲಾರ್ ಅವರ ಪರಿವರ್ತಕದ ಮೂಲಕ ಲಾಂಟ್ಸೋ ಊರಿನವರೆಗೆ ಸುಮಾರು 40 ಕಿಲೋಮೀಟರು ದೂರಕ್ಕೆ ಪರ್ಯಾಯ ವಿದ್ಯುತ್ತನ್ನು ಸಾಗಿಸಿ ತೋರಿಸಲಾಯಿತು. ಈ ಪರಿವರ್ತಕವನ್ನು ಅಭ್ಯಸಿಸುವಾಗ, ಎರಡು ಪರ್ಯಾಯ ವಿದ್ಯುತ್ ಪ್ರವಾಹಗಳ ಏರಿಳಿತ ಒಂದೇ ಕ್ಷಣಕ್ಕೆ ಸಂಭವಿಸದೆ ಒಂದು ಇನ್ನೊಂದಕ್ಕಿಂತ ಹಿಂದೆ ಬೀಳಬಹುದೆಂಬ ಅಂಶವು ಅವರ ಗಮನ ಸೆಳೆಯಿತು.

ಬೆಳಕಿನ ಶಾಸ್ತ್ರದಲ್ಲಿಯೂ ಪರಿಣತರಾಗಿದ್ದ ಅವರಿಗೆ, ಪರಸ್ಪರ ಲಂಬವಾದ ಎರಡು ಕಂಪನಗಳು ಹೀಗೆ ಹಿಂದುಮುಂದಾಗಿ ಸೇರಿದಾಗ ವೃತ್ತಾಕಾರದ ಚಲನೆ ಉಂಟಾಗುವುದು ತಿಳಿದಿತ್ತು. ಬೆಳಕಿನಲ್ಲಿ ಸಾಧ್ಯವಾದುದು ಕಾಂತತ್ವದಲ್ಲಿ ಏಕೆ ಆಗಬಾರದು? 1885ರಲ್ಲಿ ಅವರು ಎರಡು ತಂತಿಸುರುಳಿಗಳನ್ನು ಲಂಬಕೋನದಲ್ಲಿ ನಿಲ್ಲಿಸಿ, ಅವುಗಳಲ್ಲಿ ಹಿಂದುಮುಂದಾದ ಎರಡು ಪ್ರವಾಹಗಳನ್ನು ಹರಿಸಿ, ನಡುವೆ ತಾಮ್ರದ ಸಣ್ಣ ಉರುಳೆಯೊಂದನ್ನು ಇರಿಸಿದರು. ಉರುಳೆಗೆ ಯಾವ ತಂತಿಯ ಸಂಪರ್ಕವೂ ಇರಲಿಲ್ಲ. ಆದರೂ ಅದು ತಿರುಗಿತು. ಸುರುಳಿಗಳು ನಿಂತಲ್ಲೇ ಇದ್ದರೂ ಅವುಗಳ ಕಾಂತಕ್ಷೇತ್ರ ಸುತ್ತುತ್ತಿತ್ತು. ಅದು ತಾಮ್ರದಲ್ಲಿ ಪ್ರೇರಿತ ಪ್ರವಾಹಗಳನ್ನು ಹುಟ್ಟಿಸಿ ಉರುಳೆಯನ್ನು ತನ್ನೊಡನೆ ಎಳೆದೊಯ್ಯುತ್ತಿತ್ತು.

ಈ ಸಂಶೋಧನೆಗೆ ಅವರು ಪೇಟೆಂಟ್ ಪಡೆಯಲಿಲ್ಲ. ಪ್ರಕಟಿಸಲೂ ಅವಸರ ಮಾಡದೆ, 1888ರ ಮಾರ್ಚ್ 18ರಂದು ಟ್ಯೂರಿನ್ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧ ಮಂಡಿಸಿದರು. ಸ್ವತಂತ್ರವಾಗಿ ಅದೇ ತತ್ತ್ವವನ್ನು ತಲುಪಿದ್ದ ನಿಕೋಲಾ ಟೆಸ್ಲಾ ಅವರಿಗೆ ಅಮೆರಿಕದಲ್ಲಿ ಪೇಟೆಂಟ್‌ಗಳು ದೊರೆತದ್ದು ಅದೇ ವರ್ಷದ ಮೇ 1ರಂದು. ಇವರಲ್ಲಿ ಯಾರು ಮೊದಲಿಗರೆಂಬ ಚರ್ಚೆ ದೀರ್ಘಕಾಲ ನಡೆಯಿತು.

ಫೆರಾರಿಸ್ ಅವರ ಒಂದು ತೀರ್ಮಾನ ಮಾತ್ರ ಸರಿಯಾಗಿರಲಿಲ್ಲ. ಇಂತಹ ಯಂತ್ರದ ದಕ್ಷತೆ ಅರ್ಧವನ್ನು ಮೀರದೆಂದು ಎಣಿಸಿ, ಕೈಗಾರಿಕಾ ಮೋಟಾರಾಗಿ ಅದಕ್ಕೆ ಮಹತ್ವವಿಲ್ಲವೆಂದು ಅವರು ಭಾವಿಸಿದರು. ಜರ್ಮನಿಯಲ್ಲಿದ್ದ ಡೊಲಿವೊ-ಡೊಬ್ರೊವೋಲ್‌ಸ್ಕಿ ಈ ಲೆಕ್ಕದ ದೋಷವನ್ನು ಗುರುತಿಸಿ, 1889ರಲ್ಲಿ ಮೂರು ಫೇಸಿನ ಮೋಟಾರನ್ನು ರೂಪಿಸಿದರು. ಇಂದು ಕೊಳವೆಬಾವಿಯ ಪಂಪಿನಲ್ಲಿಯೂ ಹಿಟ್ಟಿನ ಗಿರಣಿಯಲ್ಲಿಯೂ ತಿರುಗುತ್ತಿರುವುದು ಬಹುಮಟ್ಟಿಗೆ ಅದರ ಸಂತತಿಯೇ. ಅಳತೆಯ ಉಪಕರಣಗಳಿಗೆ ಈ ತತ್ತ್ವ ಒದಗಬಹುದೆಂಬ ಫೆರಾರಿಸ್ ಅವರ ಊಹೆಯಾದರೋ ಬೇಗನೆ ನಿಜವಾಯಿತು.

ಸುತ್ತುಗಳನ್ನು ಎಣಿಸುವ ಮಾಪಕ

1888ರಲ್ಲಿ ಅಮೆರಿಕದ ಶಾಲೆನ್‌ಬರ್ಗರ್ ಅವರು ತಿರುಗುವ ಕ್ಷೇತ್ರದಿಂದ ಚಲಿಸುವ ಮೀಟರನ್ನು ನಿರ್ಮಿಸಿದರು. ಅದು ಪ್ರವಾಹವನ್ನು ಮಾತ್ರ ಅಳೆಯುತ್ತಿತ್ತು. ಮರುವರ್ಷ ಹಂಗರಿಯ ಒಟ್ಟೊ ಬ್ಲಾಥಿ ಅವರು ಬಳಸಿದ ಶಕ್ತಿಯನ್ನೇ ಅಳೆಯುವ ಮಾಪಕವನ್ನು ಹೊರತಂದರು. ಜರ್ಮನಿಯಲ್ಲಿ ಈ ಬಗೆಯ ಮಾಪಕಕ್ಕೆ ಫೆರಾರಿಸ್ ಮೀಟರ್ ಎಂಬ ಹೆಸರೇ ನಿಂತಿದೆ.

ಇದರಲ್ಲಿ ಎರಡು ವಿದ್ಯುತ್ಕಾಂತಗಳಿರುತ್ತವೆ. ಒಂದಕ್ಕೆ ತೆಳುತಂತಿಯ ಅನೇಕ ಸುತ್ತುಗಳಿದ್ದು ಅದು ವೋಲ್ಟೇಜಿಗೆ ಸ್ಪಂದಿಸುತ್ತದೆ. ಇನ್ನೊಂದಕ್ಕೆ ದಪ್ಪತಂತಿಯ ಕೆಲವೇ ಸುತ್ತುಗಳಿದ್ದು ಮನೆಯವರು ಬಳಸುವ ಪ್ರವಾಹ ಅದರಲ್ಲಿ ಹರಿಯುತ್ತದೆ. ಎರಡರ ನಡುವಿನ ತಟ್ಟೆ ಇವುಗಳ ಸೆಳೆತಕ್ಕೆ ತಿರುಗುತ್ತದೆ. ತಟ್ಟೆಯ ಅಂಚಿನಲ್ಲಿರುವ ಶಾಶ್ವತ ಅಯಸ್ಕಾಂತವು ಅದಕ್ಕೆ ತಡೆಯೊಡ್ಡಿ, ವೇಗವು ಬಳಕೆಯ ಪ್ರಮಾಣಕ್ಕೆ ಸರಿಹೊಂದುವಂತೆ ಮಾಡುತ್ತದೆ. ಪ್ರತಿ ಸುತ್ತೂ ಹಲ್ಲುಚಕ್ರಗಳ ಮೂಲಕ ಅಂಕಿಗಾಲಿಗಳಿಗೆ ತಲುಪುತ್ತದೆ. ಗಾಲಿಯನ್ನು ಮುಂದಕ್ಕೆ ದೂಡುವುದು ತಟ್ಟೆಯಾದುದರಿಂದ, ಪೂರೈಕೆ ನಿಂತಾಗ ಗಾಲಿಯೂ ಇದ್ದಲ್ಲೇ ನಿಲ್ಲುತ್ತದೆ.

ಮಾಪಕದ ಮುಖಫಲಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸುತ್ತು ಎಂಬುದನ್ನು ನಮೂದಿಸಿರುತ್ತಾರೆ. ಅದು 600 ಎಂದಿದ್ದರೆ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮಾತ್ರ ಚಾಲನೆಯಲ್ಲಿರುವಾಗ ತಟ್ಟೆಯು ನಿಮಿಷಕ್ಕೆ 10 ಸುತ್ತು ತಿರುಗಬೇಕು. 100 ವ್ಯಾಟಿನ ಒಂದೇ ದೀಪವಿದ್ದರೆ 1 ಸುತ್ತು. ಗಡಿಯಾರ ಹಿಡಿದು ಕುಳಿತ ಯಾವ ಗ್ರಾಹಕರೂ ಬಿಲ್ಲಿನ ಮೂಲವನ್ನು ತಾವೇ ತಾಳೆ ನೋಡಬಹುದಾಗಿತ್ತು. ಹೀಗೂ ಬಗೆಹರಿಯದ ತಕರಾರುಗಳಿಗೆ 1910ರ ಭಾರತೀಯ ವಿದ್ಯುತ್ ಅಧಿನಿಯಮದ 26ನೇ ಪ್ರಕರಣದಂತೆ ವಿದ್ಯುತ್ ಪರಿವೀಕ್ಷಕರು ತೀರ್ಮಾನ ನೀಡುತ್ತಿದ್ದರು. ಹೊರಗಿನಿಂದ ಬಲವಾದ ಅಯಸ್ಕಾಂತವಿಟ್ಟು ತಟ್ಟೆಯನ್ನು ನಿಧಾನಗೊಳಿಸುವ ಕುಯುಕ್ತಿಯೂ ಇಲ್ಲದಿರಲಿಲ್ಲ. ಮಾಪಕವನ್ನು ತಿದ್ದುವುದು 2003ರ ವಿದ್ಯುತ್ ಅಧಿನಿಯಮದ 135ನೇ ಪ್ರಕರಣದಂತೆ ವಿದ್ಯುತ್ ಕಳವು ಎನಿಸುತ್ತದೆ.

ಕೊನೆಯ ವರ್ಷಗಳು

1889ರ ಹೊತ್ತಿಗೆ ಫೆರಾರಿಸ್ ಅವರು ಟ್ಯೂರಿನ್‌ನಲ್ಲಿ ವಿದ್ಯುತ್ ತಂತ್ರಶಾಸ್ತ್ರದ ಶಾಲೆಯನ್ನು ಆರಂಭಿಸಿದ್ದರು; ಇಟಲಿಯ ಇಂತಹ ಮೊದಲ ಶಾಲೆಗಳಲ್ಲಿ ಅದೂ ಒಂದು. 1893ರಲ್ಲಿ ಷಿಕಾಗೋದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನಕ್ಕೆ ತಮ್ಮ ದೇಶದ ಪ್ರತಿನಿಧಿಯಾಗಿ ಹೋಗಿದ್ದರು. 1896ರಲ್ಲಿ ಇಟಲಿಯ ಸೆನೆಟ್ ಸದಸ್ಯರಾದರು. 1897ರ ಫೆಬ್ರವರಿ 7ರಂದು ನ್ಯುಮೋನಿಯಾದಿಂದ ನಿಧನ ಹೊಂದಿದಾಗ ಅವರಿಗೆ 49 ವರ್ಷ. ಅವರ ಹುಟ್ಟೂರನ್ನು ಈಗ ಲಿವೋರ್ನೋ ಫೆರಾರಿಸ್ ಎಂದು ಕರೆಯುತ್ತಾರೆ.

ಬೆಂಗಳೂರಿನಲ್ಲಿ

ಫೆರಾರಿಸ್ ಅವರು ನಿಧನರಾದ 8 ವರ್ಷಗಳ ನಂತರ, 1905ರ ಆಗಸ್ಟ್ 5ರಂದು, ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ದೀಪಗಳು ಬೆಳಗಿದವು. ನಗರ ಬೆಳೆದಂತೆ ತಟ್ಟೆಯ ಮಾಪಕವೂ ಮನೆಮನೆಗೆ ಬಂದಿತು. 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಸದಾಶಿವನಗರದಲ್ಲಿದ್ದು, ಮಾಪಕಗಳನ್ನು ಪರೀಕ್ಷಿಸುವ ಸೌಲಭ್ಯವನ್ನು ಹೊಂದಿದೆ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2006ರ ವಿನಿಯಮಗಳು ಗ್ರಾಹಕರ ಮಾಪಕಗಳು ತಿರುಗುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಬಗೆಯವಾಗಿರಬೇಕೆಂದು ವಿಧಿಸಿದವು. ಅವುಗಳಲ್ಲಿ ಅಂಕಿಗಳನ್ನು ಕಾಯುವುದು, ಪೂರೈಕೆ ನಿಂತರೂ ಅಳಿಯದ ಸ್ಮೃತಿಕೋಶ.

ವಿದ್ಯುತ್ ಇಲ್ಲದಾಗಲೂ ಸುತ್ತಿನ ಲೆಕ್ಕ ತಪ್ಪಬಾರದೆಂಬ ಅಗತ್ಯ ಮೀಟರಿಗಷ್ಟೇ ಸೀಮಿತವಲ್ಲ. ಯಶವಂತಪುರದಾಚೆಯ ಪೀಣ್ಯ ಕೈಗಾರಿಕಾ ಪ್ರದೇಶದಂತಹ ಕಡೆಗಳಲ್ಲಿ ಬಳಸುವ ಗಣಕ ನಿಯಂತ್ರಿತ ಯಂತ್ರಗಳಿಗೂ, ಕರೆಂಟು ಹೋಗಿ ಬಂದಾಗ ತಮ್ಮ ತಿರುಪು ಎಷ್ಟು ಸುತ್ತು ತಿರುಗಿದೆ ಎಂಬುದು ತಿಳಿಯಬೇಕು. ಇದಕ್ಕೆ ಹಲ್ಲುಚಕ್ರ ಅಥವಾ ಬ್ಯಾಟರಿ ಬಳಸುವುದು ಹಳೆಯ ರೂಢಿ. ಹೊಸ ಬಗೆಯ ಕೆಲವು ಕಾಂತೀಯ ಸಂವೇದಕಗಳಲ್ಲಿ ಸುರುಳಿಯಾಕಾರದ ಅತಿ ತೆಳುವಾದ ಕಾಂತೀಯ ಪಟ್ಟಿಯಿರುತ್ತದೆ. ದಂಡಕ್ಕೆ ಜೋಡಿಸಿದ ಅಯಸ್ಕಾಂತವು ಒಂದೊಂದು ಸುತ್ತು ಬಂದಂತೆ ಪಟ್ಟಿಯೊಳಗಿನ ಕಾಂತೀಯ ಗಡಿಗಳು ಒಂದೊಂದು ಹೆಜ್ಜೆ ಸರಿಯುತ್ತವೆ. ಅದಕ್ಕೆ ವಿದ್ಯುತ್ ಬೇಕಾಗಿಲ್ಲ. ಪೂರೈಕೆ ಮರಳಿದಾಗ ಪಟ್ಟಿಯ ರೋಧವನ್ನು ಅಳೆದು ಲೆಕ್ಕ ಓದಿದರಾಯಿತು. ಇಂತಹ ಒಂದು ಸಂವೇದಕವು 46 ಸುತ್ತುಗಳವರೆಗೆ ಎಣಿಸಬಲ್ಲುದು.

ತಟ್ಟೆಯ ಮಾಪಕವನ್ನು ಬದಲಾಯಿಸಿಕೊಳ್ಳುವ ಗ್ರಾಹಕರು, ಹಳೆಯದನ್ನು ಕಳಚುವ ಮುನ್ನ ಅದರ ಕೊನೆಯ ಅಂಕಿಯನ್ನು ಸಿಬ್ಬಂದಿಯ ಸಮಕ್ಷಮ ಬರೆದಿಟ್ಟುಕೊಳ್ಳುವುದು ಸೂಕ್ತ. ಕಳಚಿ ಕೆಳಗಿಟ್ಟ ಮಾಪಕದಲ್ಲಿಯೂ ಆ ಅಂಕಿ ಹಾಗೆಯೇ ಇರುತ್ತದೆ.